ಭಾಷಣಕ್ಕೂ ಪ್ರೆಸೆಂಟೇಷನ್‌ಗೂ ಸ್ವಂತ ಸರಕು: ಹುಡುಕುವುದು ಎಲ್ಲಿ, ಕೂಡಿಡುವುದು ಹೇಗೆ

ಕೆಲವು ವರ್ಷಗಳ ಹಿಂದೆ ಸಹಕಾರ ಸಪ್ತಾಹದ ಒಂದು ಸಭೆಯಲ್ಲಿ ಕೂತಿದ್ದೆ. ಬೆಳಗ್ಗೆ ಹನ್ನೊಂದಕ್ಕೆ ಶುರುವಾದ ಕಾರ್ಯಕ್ರಮದಲ್ಲಿ ಊಟದ ಹೊತ್ತಿಗೆ ಮೂವರು ಅದೇ ಹದ್ದಿನ ಕಥೆ ಹೇಳಿ ಮುಗಿಸಿದ್ದರು. ನಲವತ್ತು ವರ್ಷವಾದ ಹದ್ದು ಬೆಟ್ಟದ ತುದಿಗೆ ಹೋಗಿ, ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಂಡು, ಹೊಸ ಕೊಕ್ಕು ಬಂದಮೇಲೆ ಇನ್ನೂ ಮೂವತ್ತು ವರ್ಷ ಬದುಕುತ್ತದಂತೆ. ಮೂರನೆಯವರು ಶುರುಮಾಡಿದಾಗ ನನ್ನ ಪಕ್ಕದ ಯಜಮಾನರು ಎಲೆಯಡಿಕೆ ಚೀಲ ಬಿಚ್ಚಿದರು.

ಆಮೇಲೆ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಮಾತಿಗೆ ನಿಂತರು. ಸುಮಾರು ಮೂವತ್ತೈದರ ಹೆಣ್ಣುಮಗಳು, ಕೈಯಲ್ಲಿ ಚೀಟಿಯೂ ಇರಲಿಲ್ಲ. "ನಮ್ಮ ಡೇರಿಲಿ ಬುಧವಾರ ಸಂಜೆ ಮಾತ್ರ ಒಂಬತ್ತು ಮನೆ ಹಾಲು ಬರ್ತಿರಲಿಲ್ಲ. ರಿಜಿಸ್ಟರ್ ತಿರುವಿ ನೋಡ್ದಾಗ ಗೊತ್ತಾಯ್ತು. ಯಾಕೆ ಅಂತ ಕೇಳಿದ್ರೆ, ಬುಧವಾರ ಸಂತೆ. ಅವರು ವಾಪಸ್ ಬಂದು ಹಾಲು ಕರೆಯೋ ಹೊತ್ತಿಗೆ ನಾವು ಬಾಗಿಲು ಹಾಕಿರ್ತಿದ್ವಿ. ಈಗ ಬುಧವಾರ ಮಾತ್ರ ಅರ್ಧ ಗಂಟೆ ತಡವಾಗಿ ತಗೋತೀವಿ." ಅಷ್ಟೇ ಹೇಳಿ ಕೂತರು. ಸಭೆ ಪೂರ್ತಿ ಅವರ ಕಡೆ ತಿರುಗಿತ್ತು. ಊಟದ ಸಾಲಿನಲ್ಲಿ ಜನ ಮಾತಾಡಿಕೊಂಡದ್ದು ತಮ್ಮ ಡೇರಿಯ ಬುಧವಾರಗಳ ಬಗ್ಗೆಯೇ.

ಸಂಘ-ಸಂಸ್ಥೆಗಳಿಗೆ, ಸಣ್ಣ ಉದ್ದಿಮೆಯವರಿಗೆ ಭಾಷಣ ಮತ್ತು ಪ್ರೆಸೆಂಟೇಷನ್ ತಯಾರು ಮಾಡಿಕೊಡುವುದು ನನ್ನ ಕಸುಬು. ಒಳ್ಳೆಯ ಸರಕು ಬಹುಪಾಲು ಮಾತಾಡುವವರ ಕೈಯಳತೆಯಲ್ಲೇ ಇರುತ್ತದೆ, ಅದನ್ನು ಬಿಟ್ಟು ನೆಟ್‌ನಲ್ಲಿ ಹುಡುಕುತ್ತಾ ಕೂರುತ್ತೇವೆ. ಎಷ್ಟೋ ಜನರ ಜೊತೆ ಕೂತು ಕೆಲಸ ಮಾಡಿದ ಮೇಲೆ ನನಗೆ ಒಗ್ಗಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಾಕ್ಯ ಬರೆಯಿರಿ

"ನನ್ನ ಮಾತು ಮುಗಿದ ಮೇಲೆ ಇಂಥವರು ಇಂಥದ್ದು ಮಾಡಬೇಕು." ಯಾರು, ಏನು ಅನ್ನುವುದನ್ನು ತುಂಬಿ. ಸಾಲ ಮಂಜೂರು ಮಾಡಬೇಕು, ಸದಸ್ಯರು ಷೇರು ಮೊತ್ತ ಹೆಚ್ಚಿಸಲು ಒಪ್ಪಬೇಕು, ಮಕ್ಕಳು ಗ್ರಂಥಾಲಯಕ್ಕೆ ಬರಬೇಕು. ಈ ವಾಕ್ಯವಿಲ್ಲದೆ ಹುಡುಕಲು ಹೊರಟರೆ ಕಂಡದ್ದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಹತ್ತು ನಿಮಿಷದ ಕೆಲಸ, ಮುಂದಕ್ಕೆ ಹೋಗೋಣ.

ಎರಡನೆಯದು, ಸವೆದುಹೋದದ್ದನ್ನು ಆಚೆ ಹಾಕಿ

ಹುಡುಕುವ ಮೊದಲು ಗುಡಿಸಬೇಕು. ಹದ್ದಿನ ಕಥೆಯಿಂದಲೇ ಶುರುಮಾಡೋಣ: ಅದು ಸುಳ್ಳು. ಕೊಕ್ಕು ಮುರಿದ ಹದ್ದು ಬೇಟೆಯಾಡಲಾರದೆ ಉಪವಾಸ ಸಾಯುತ್ತದೆ. ನಿಧಾನವಾಗಿ ಕಾಯಿಸಿದ ನೀರಿನಲ್ಲಿ ಕಪ್ಪೆ ಗೊತ್ತಾಗದೆ ಬೇಯುತ್ತದೆ ಅನ್ನುವುದೂ ಹಾಗೆಯೇ. ನೀರು ಬಿಸಿಯಾಗುತ್ತಿದ್ದಂತೆ ಕಪ್ಪೆ ಹಾರಿಹೋಗಲು ನೋಡುತ್ತದೆ. ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನಿಗೆ ನಾಸಾ ಕೋಟಿಗಟ್ಟಲೆ ಸುರಿಯಿತು, ರಷ್ಯಾದವರು ಪೆನ್ಸಿಲ್ ಹಿಡಿದರು ಅನ್ನುವ ಕಥೆಯಂತೂ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಇಂದಿಗೂ ಓಡುತ್ತಿದೆ. ಆ ಪೆನ್ನನ್ನು ಫಿಷರ್ ಅನ್ನುವ ಖಾಸಗಿ ಕಂಪನಿ ಸ್ವಂತ ದುಡ್ಡಿನಲ್ಲಿ ತಯಾರಿಸಿತು. ಮೊದಲು ನಾಸಾ, ಆಮೇಲೆ ಸೋವಿಯತ್‌ನವರು ಅದನ್ನು ಕೊಂಡರು.

ತರಬೇತಿ ಕೊಡುವವರಲ್ಲಿ ಇನ್ನೊಂದು ರೂಢಿ: "ಸಂವಹನದಲ್ಲಿ ಮಾತಿನ ಪಾಲು ಶೇ 7, ದನಿಯದು 38, ಹಾವಭಾವದ್ದು 55." ಇದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಆ ಪ್ರಯೋಗಗಳಲ್ಲಿ ಕೇಳಿಸಿದ್ದು ಬಿಡಿ ಪದಗಳನ್ನು, ಅಳೆದದ್ದು ಇಷ್ಟ ಅಥವಾ ಅನಿಷ್ಟದ ಭಾವನೆಯನ್ನು. ಎಲ್ಲ ಮಾತುಕತೆಗೂ ಈ ಲೆಕ್ಕ ಹಚ್ಚಬಾರದೆಂದು ಅವರೇ ಹೇಳಿದ್ದಾರೆ. ಮಾತಿಗೆ ಬರೀ ಏಳು ಪಾಲು ಅನ್ನುವುದು ನಿಜವಾಗಿದ್ದರೆ ತಮಿಳು ಬಾರದವರಿಗೂ ತಮಿಳು ಭಾಷಣ ಮುಕ್ಕಾಲುಪಾಲು ಅರ್ಥವಾಗಬೇಕಿತ್ತು.

ಉಕ್ತಿಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. "ಜಗತ್ತಿನಲ್ಲಿ ಕಾಣಬಯಸುವ ಬದಲಾವಣೆ ನೀವೇ ಆಗಿ" ಎಂದು ಗಾಂಧೀಜಿ ಹೇಳಿದರು ಅಂತ ಸಾವಿರ ಗೋಡೆಗಳ ಮೇಲಿದೆ. ಅವರ ಸಮಗ್ರ ಬರಹಗಳ 100 ಸಂಪುಟಗಳಲ್ಲಿ ಈ ವಾಕ್ಯ ಈ ರೂಪದಲ್ಲಿ ಸಿಕ್ಕಿಲ್ಲ.

ನಾನು ಮಾಡುವ ಪರೀಕ್ಷೆ ಸರಳ. ಕಥೆಯ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕುತ್ತೇನೆ. ಅದೇ ಪದಗಳು ಹತ್ತು ಕಡೆ ಸಿಕ್ಕಿ, ಒಂದರಲ್ಲೂ ಊರು, ವರ್ಷ, ಪುಸ್ತಕದ ಪುಟ ಇಲ್ಲದಿದ್ದರೆ ಕೈಬಿಡುತ್ತೇನೆ. ಎಷ್ಟೇ ಚೆಂದವಿರಲಿ, ಕೇಳುಗರಲ್ಲಿ ಒಬ್ಬರಿಗೆ ಅದು ಸುಳ್ಳೆಂದು ಗೊತ್ತಿದ್ದರೂ ನಿಮ್ಮ ಉಳಿದ ಅಂಕಿಗಳನ್ನೂ ಅವರು ನಂಬುವುದಿಲ್ಲ.

ಮೂರನೆಯದು, ನಿಮ್ಮದೇ ಕಪಾಟು ತೆಗೆಯಿರಿ

ಹೆಚ್ಚು ಸರಕು ಸಿಗುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮಲೆನಾಡಿನ ಒಬ್ಬರು ಅಡಿಕೆ ಹಾಳೆಯ ತಟ್ಟೆ ಮಾಡುತ್ತಾರೆ. ಒಣಗಿಸುವ ಯಂತ್ರಕ್ಕೆ ಬ್ಯಾಂಕ್ ಸಾಲ ಬೇಕಿತ್ತು. ಅವರು ತಂದಿದ್ದ ಪ್ರೆಸೆಂಟೇಷನ್‌ನಲ್ಲಿ ಮೊದಲ ಆರು ಸ್ಲೈಡ್ ಭೂಮಿಯ ಚಿತ್ರ, ಪ್ಲಾಸ್ಟಿಕ್ ತುಂಬಿದ ಸಮುದ್ರ, ಪರಿಸರಸ್ನೇಹಿ ಪ್ಯಾಕಿಂಗ್‌ನ ಜಾಗತಿಕ ಮಾರುಕಟ್ಟೆ ಇಷ್ಟು ಬಿಲಿಯನ್ ಡಾಲರ್ ಅನ್ನುವ ಗ್ರಾಫ್. ಅವರ ಊರೂ ಇಲ್ಲ, ಯಂತ್ರವೂ ಇಲ್ಲ. ನಾನು ಅವರ ಶೆಡ್ಡಿಗೆ ಹೋದೆ. ಬಾಗಿಲ ಪಕ್ಕ ಒಂದು ಮೂಲೆಯಲ್ಲಿ ತಟ್ಟೆಗಳ ರಾಶಿ ಬಿದ್ದಿತ್ತು, ಅಂಚಿನಲ್ಲೆಲ್ಲ ಬೂದುಬಣ್ಣದ ಬೂಸ್ಟು. "ಇದೇನು?" ಅಂದೆ. "ರಿಜೆಕ್ಟ್ ಸರ್, ಮಳೆಗಾಲ ಅಲ್ವಾ" ಅಂದರು. ಎಷ್ಟು ರಿಜೆಕ್ಟ್ ಅಂತ ಬರೆದಿಡುತ್ತೀರಾ ಎಂದು ಕೇಳಿದರೆ, ಬರೆಯುತ್ತಿದ್ದುದು ಅವರ ಹೆಂಡತಿ. ಒಂದು ಉದ್ದ ನೋಟ್‌ಬುಕ್, ತಿಂಗಳಿಗೊಂದು ಪುಟ. ಫೆಬ್ರುವರಿಯ ಪುಟದಲ್ಲಿ ನಾಲ್ಕೈದು ಗೀಟು. ಜುಲೈ ಪುಟ ಎರಡೂ ಬದಿ ತುಂಬಿ ಅಂಚಿಗೂ ಹರಿದಿತ್ತು.

ಆ ಎರಡು ಪುಟಗಳ ಫೋಟೊ ತೆಗೆದು ಅಕ್ಕಪಕ್ಕ ಇಟ್ಟು ಮೊದಲ ಸ್ಲೈಡ್ ಮಾಡಿದೆವು. ಹಾಳೆ ಬೀಳುವುದು ಬೇಸಗೆಗೆ, ಕೂಡಿಟ್ಟು ವರ್ಷವಿಡೀ ಬಳಸಬೇಕು, ಮಳೆ ಹಿಡಿದರೆ ತೇವ ಸೇರಿ ಬೂಸ್ಟು ಬರುತ್ತದೆ. ಯಂತ್ರ ಬೇಕಾದದ್ದು ಅದಕ್ಕೆ. ಬ್ಯಾಂಕಿನವರು ಅರ್ಧ ಗಂಟೆ ಪ್ರಶ್ನೆ ಕೇಳಿದರು, ಎಲ್ಲವೂ ಆ ನೋಟ್‌ಬುಕ್ಕಿನ ಮೇಲೆ.

ನಿಮ್ಮಲ್ಲೂ ಇಂಥ ನೋಟ್‌ಬುಕ್ ಇರುತ್ತದೆ. ದೂರು ಪುಸ್ತಕ, ವಾಪಸ್ ಬಂದ ಮಾಲಿನ ಪಟ್ಟಿ, ಸರ್ವಿಸ್‌ಗೆ ಬಂದ ಫೋನುಗಳ ದಾಖಲೆ, ಟ್ಯಾಲಿಯಲ್ಲಿ ಬಾಕಿ ಉಳಿದ ಬಿಲ್ಲು, ಗ್ರಾಹಕರು ವಾಟ್ಸಾಪ್‌ನಲ್ಲಿ ಕಳಿಸಿದ ವಾಯ್ಸ್ ಮೆಸೇಜು, ಸಂಘದ ಹಳೆಯ ನಡಾವಳಿ ಪುಸ್ತಕ. ಒಂದನ್ನು ಆರಿಸಿ ಹಿಂದಿನ ಒಂದು ತಿಂಗಳ ನಮೂದುಗಳನ್ನು ಓದಿ, ಹುಡುಕುವ ಆತುರವಿಲ್ಲದೆ. ಓದುತ್ತಾ ಮೂರು ಕಡೆ ಗುರುತು ಹಾಕಿ: ಯಾವುದು ಮತ್ತೆ ಮತ್ತೆ ಬಂದಿದೆ, ಯಾವುದು ಒಂದೇ ಒಂದು ಸಲ ಬಂದಿದೆ, ಯಾವ ದಿನ ಏನೂ ಇಲ್ಲ. ಆ ಕಾರ್ಯದರ್ಶಿಗೆ ಬುಧವಾರ ಸಿಕ್ಕಿದ್ದು ಮೂರನೆಯ ಬಗೆಯಲ್ಲಿ. ರಿಜಿಸ್ಟರಿನ ಖಾಲಿ ಮನೆಗಳನ್ನು ಯಾರೂ ನೋಡುವುದಿಲ್ಲ, ಹಾಗಾಗಿ ಅಲ್ಲಿ ಹೊಸದು ಉಳಿದಿರುತ್ತದೆ.

ಗುರುತು ಹಾಕಿದ ಮೇಲೆ ಎದ್ದು ಹೋಗಿ ಸಂಬಂಧಪಟ್ಟವರನ್ನು ಮಾತಾಡಿಸಿ. "ನಿಮ್ಮ ಅಭಿಪ್ರಾಯ ಏನು?" ಅಂತ ಕೇಳಿದರೆ "ಎಲ್ಲ ಚೆನ್ನಾಗಿದೆ ಸಾರ್" ಅನ್ನುತ್ತಾರೆ. "ಮೊನ್ನೆ ಸೋಮವಾರ ಬೆಳಗ್ಗೆಯಿಂದ ಏನೇನಾಯ್ತು ಹೇಳಿ" ಅನ್ನಿ, ಮಾತು ತಾನಾಗಿ ಹರಿಯುತ್ತದೆ. ಅವರು ಬಳಸಿದ ಪದವನ್ನೇ ಬರೆದುಕೊಳ್ಳಿ. ಲಾರಿ ಚಾಲಕರೊಬ್ಬರು "ಗಾಡಿ ಮುನಿಸ್ಕೊಂಡಿತ್ತು" ಅಂದರೆ ಅದನ್ನು "ವಾಹನದಲ್ಲಿ ತಾಂತ್ರಿಕ ದೋಷ" ಮಾಡಬೇಡಿ. ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಕೇಳಿ.

ನಾಲ್ಕನೆಯದು, ಅಂಕಿಗಳನ್ನು ಮೂಲದಲ್ಲೇ ನೋಡಿ

ಸುದ್ದಿಯಲ್ಲಿ ಬಂದ ಅಂಕಿಯನ್ನು ಎತ್ತಿಕೊಳ್ಳುವ ಮುನ್ನ ಅದು ಹುಟ್ಟಿದ ಮನೆಗೆ ಹೋಗಬೇಕು. ಕರ್ನಾಟಕದ ಬಗ್ಗೆ ಮಾತಾಡುವವರಿಗೆ ಬಜೆಟ್ ಜೊತೆಗೆ ಹೊರಬರುವ ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆ ಒಂದು ಖಜಾನೆ. ಅದರ ಜಿಲ್ಲಾವಾರು ಕೋಷ್ಟಕಗಳನ್ನು ಬಿಡಿಸಿ ನೋಡುವವರೇ ಕಡಿಮೆ. ಕೃಷಿ ಮಾರುಕಟ್ಟೆಗಳ ದಿನದ ಧಾರಣೆ 'ಕೃಷಿ ಮಾರಾಟ ವಾಹಿನಿ' ಜಾಲತಾಣದಲ್ಲಿ ಸಿಗುತ್ತದೆ. ಆರೋಗ್ಯ, ಪೋಷಣೆಯ ವಿಷಯಕ್ಕೆ 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪ್ರತಿ ಜಿಲ್ಲೆಗೂ ಬೇರೆ ಪತ್ರವಿದೆ. ಸಂಸತ್ತಿನಲ್ಲಿ ಸಂಸದರು ಕೇಳಿದ ಪ್ರಶ್ನೆಗಳಿಗೆ ಮಂತ್ರಿಗಳು ಕೊಟ್ಟ ಲಿಖಿತ ಉತ್ತರಗಳು ಸಂಸತ್ತಿನ ಜಾಲತಾಣದಲ್ಲಿವೆ, ವಿಷಯದ ಹೆಸರು ಹಾಕಿ ಹುಡುಕಬಹುದು. ಎಲ್ಲೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ. ಉತ್ತರಕ್ಕೆ 30 ದಿನಗಳ ಗಡುವಿದೆ, ಆದ್ದರಿಂದ ಭಾಷಣದ ದಿನಾಂಕ ಗೊತ್ತಾದ ಕೂಡಲೇ ಹಾಕಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು.

ವ್ಯಾಪಾರದ ಪ್ರೆಸೆಂಟೇಷನ್ ಮಾಡುವವರಿಗೆ ನಾನು ತಪ್ಪದೆ ಹೇಳುವುದು ಇನ್ನೊಂದಿದೆ. ನಿಮ್ಮ ಕ್ಷೇತ್ರದ ಯಾವುದಾದರೂ ಕಂಪನಿ ಷೇರು ಮಾರುಕಟ್ಟೆಗೆ ಬರುವ ಮುನ್ನ ಆ ಮಾರುಕಟ್ಟೆಯ ನಿಯಂತ್ರಕ ಸೆಬಿಗೆ ಕೊಟ್ಟ ಕರಡು ಪ್ರಾಸ್ಪೆಕ್ಟಸ್, ಅಂದರೆ ಕಂಪನಿಯ ವಿವರಪತ್ರ ಹುಡುಕಿ. ನೂರಾರು ಪುಟವಿರುತ್ತದೆ, ಹೆದರಬೇಡಿ. 'ರಿಸ್ಕ್ ಫ್ಯಾಕ್ಟರ್ಸ್' ಅನ್ನುವ ಭಾಗವೊಂದನ್ನೇ ಓದಿ. ತಮ್ಮ ವ್ಯಾಪಾರಕ್ಕೆ ಏನೇನು ಅಪಾಯ ಕಾದಿದೆ ಎಂದು ಕಂಪನಿಯೇ ಕಾನೂನಿನ ಪ್ರಕಾರ ಬಿಚ್ಚಿಡಬೇಕಾದ ಜಾಗ ಅದು. ಯಾವ ಕಚ್ಚಾಮಾಲಿನ ಬೆಲೆ ಏರಿದರೆ ನಷ್ಟ, ಎಷ್ಟು ಗಿರಾಕಿಗಳ ಮೇಲೆ ಆದಾಯ ನಿಂತಿದೆ, ಎಲ್ಲವೂ ಸಿಗುತ್ತದೆ.

ಅಂಕಿಯನ್ನು ಸಿಕ್ಕಿದ ಹಾಗೆಯೇ ಬಡಿಸಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಬೆಂಗಳೂರು ನಗರ ಜಿಲ್ಲೆಯದು 96 ಲಕ್ಷ. ಇದನ್ನು "ಆಗಲೇ ರಾಜ್ಯದ ಸುಮಾರು ಆರು ಜನರಲ್ಲಿ ಒಬ್ಬರು ಒಂದೇ ಜಿಲ್ಲೆಯಲ್ಲಿದ್ದರು" ಅಂದರೆ ಕೇಳುಗರು ತಮ್ಮ ಸಾಲಿನ ಆರು ಕುರ್ಚಿ ಎಣಿಸಿಕೊಳ್ಳುತ್ತಾರೆ. ವರ್ಷವನ್ನು ಮಾತ್ರ ಬಿಡಬೇಡಿ, 2011ರ ಅಂಕಿಯನ್ನು ಇವತ್ತಿನದೆಂಬಂತೆ ಹೇಳಿದರೆ ಅದು ತಪ್ಪು ಮಾಹಿತಿಯೇ.

ಐದನೆಯದು, ಊರಿನ ಹಿಂದಿನ ದಿನಗಳು

ಚರಿತ್ರೆ ಬೇಕೆಂದರೆ ನಮ್ಮವರು ನೇರ ಸ್ಟೀವ್ ಜಾಬ್ಸ್ ಹತ್ತಿರ ಹೋಗುತ್ತಾರೆ. ಒಂದೇ ಗಿರಾಕಿಯನ್ನು ನಂಬಿ ಕೂತರೆ ಏನಾಗುತ್ತದೆ ಎಂದು ರಫ್ತುದಾರರಿಗೆ ಹೇಳಬೇಕಾದಾಗ ನಾನು ಮೈಸೂರಿನ ಶ್ರೀಗಂಧ ನೆನಪಿಸುತ್ತೇನೆ. ಮೈಸೂರು ಸಂಸ್ಥಾನ ಗಂಧದ ಕೊರಡನ್ನು ಹಾಗೇ ಯುರೋಪಿಗೆ ಕಳಿಸುತ್ತಿತ್ತು. ಮೊದಲನೇ ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿ, ಕೊರಡು ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಇಲ್ಲೇ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಆಯಿತು. 1918ರಲ್ಲಿ ಆ ಎಣ್ಣೆ ಹಾಕಿದ ಸೋಪು ಬಂತು. ಕೇಳುವವರ ಬಚ್ಚಲಲ್ಲೇ ಇರುವ ವಸ್ತು, ವಿವರಿಸುವ ಶ್ರಮವೇ ಬೇಡ.

ಬೆಂಗಳೂರಿನ ಕಾರ್ಯಕ್ರಮಗಳಲ್ಲಿ 'ಬೆಂದ ಕಾಳಿನ ಊರು' ಕಥೆ ತಪ್ಪುವುದಿಲ್ಲ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಹೆಸರು ಬಂತು ಅನ್ನುವುದು. ಬೆಂಗಳೂರಿನ ಬೇಗೂರಿನಲ್ಲಿರುವ ನಾಗೇಶ್ವರ ದೇವಸ್ಥಾನದಲ್ಲಿ 9ನೇ ಶತಮಾನದ ಕೊನೆಯ ಹೊತ್ತಿನ ಶಾಸನವೊಂದಿದೆ, ಅದರಲ್ಲಿ 'ಬೆಂಗಳೂರ ಕಾಳಗ'ದ ಉಲ್ಲೇಖವಿದೆ. ಅಂದರೆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಒಂದು ಭಾನುವಾರ ಹೋಗಿ ಕಣ್ಣಾರೆ ನೋಡಿ ಬಂದು "ನಾನು ಹೋಗಿದ್ದೆ, ಕಲ್ಲು ಇಂಥಲ್ಲಿದೆ" ಅಂದರೆ ಆ ಮಾತಿನ ತೂಕವೇ ಬೇರೆ.

ಹಳೆ ಮೈಸೂರು ಭಾಗದವರಾದರೆ ನಿಮ್ಮ ಊರಿನ ಶಾಸನದ ಕಲ್ಲಿಗೆ ಬಿ. ಎಲ್. ರೈಸ್ ಸಂಗ್ರಹಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ನೋಡಿ, ತಾಲ್ಲೂಕುವಾರು ಜೋಡಿಸಿದ್ದಾರೆ. ಬೆಳೆ, ಸಂತೆ, ಕಸುಬುಗಳ ವಿವರಕ್ಕೆ ಹಳೆಯ ಮೈಸೂರು ಗೆಜೆಟಿಯರ್‌ಗಳಿವೆ. ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಷ್ಟೆಲ್ಲ ಓದುವ ವ್ಯವಧಾನ ಇಲ್ಲದಿದ್ದರೆ ಊರಿನ ಎಂಬತ್ತು ದಾಟಿದವರ ಜೊತೆ ಒಂದು ಸಂಜೆ ಕೂತು ಬನ್ನಿ.

ಆರನೆಯದು, ವಚನ ಮತ್ತು ಗಾದೆ

ಕನ್ನಡದಲ್ಲಿ ಮಾತಾಡುವವರಿಗೆ ಇದು ದೊಡ್ಡ ಆಸ್ತಿ, ಆದರೆ ಹತ್ತು ಸಾಲುಗಳನ್ನೇ ಎಲ್ಲರೂ ಉಜ್ಜುತ್ತಿದ್ದೇವೆ. 'ಕಾಯಕವೇ ಕೈಲಾಸ' ತಗೊಳ್ಳಿ. ಬಸವಣ್ಣನವರು ಹೇಳಿದರು ಅಂತ ಫ್ಲೆಕ್ಸ್‌ಗಳಲ್ಲಿ ಅಚ್ಚಾಗುತ್ತದೆ. ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕೆಲಸದಲ್ಲಿ ಮುಳುಗಿರುವಾಗ ಗುರು ಎದುರಾದರೂ, ಲಿಂಗಪೂಜೆಯ ಹೊತ್ತಾದರೂ ಮರೆಯಬೇಕು ಎಂದು ಹೇಳುವಷ್ಟು ದಿಟ್ಟ ವಚನ ಅದು. ಈ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದಳೆಂದು ಕಥೆಯಿದೆ. ಕಂಪನಿಯ ವಾರ್ಷಿಕ ಸಭೆಯಲ್ಲಿ ದುಡಿಮೆಯ ಬಗ್ಗೆ ಮಾತಾಡುವವರು ಆ ಎರಡು ಪದ ಉದುರಿಸಿ ಮುಂದೆ ಹೋಗುವ ಬದಲು ಈ ಗಂಡ ಹೆಂಡಿರನ್ನು ಸಭೆಗೆ ಪರಿಚಯಿಸಲಿ. ಲಕ್ಕಮ್ಮನ ಮಾತು ಇಂದಿನ ಯಾವ ಬೋರ್ಡ್‌ರೂಮಿಗೂ ಚುರುಕು ಮುಟ್ಟಿಸುತ್ತದೆ.

'ವಚನ ಸಂಚಯ' ಜಾಲತಾಣದಲ್ಲಿ ಪದ ಕೊಟ್ಟು ವಚನ ಹುಡುಕಬಹುದು. ನಿಮ್ಮ ಕಸುಬಿನ ಪದವನ್ನೇ ಹಾಕಿ: ನೂಲು, ತಕ್ಕಡಿ, ಹರಿಗೋಲು, ಬಣ್ಣ. ಆ ಕಸುಬಿನ ಶರಣರು ಬರೆದದ್ದು ಎದುರಿಗೆ ಬರುತ್ತದೆ. ಗಾದೆಯಾದರೆ ಪುಸ್ತಕ ಬೇಡ, ಮನೆಯ ಹಿರಿಯರನ್ನು ಕೇಳಿ. ಧಾರವಾಡದ ಕಡೆಯ ಗಾದೆಯನ್ನು ಮಂಡ್ಯದವರು ಕೇಳಿಯೇ ಇರುವುದಿಲ್ಲ.

ಹಕ್ಕುಸ್ವಾಮ್ಯದ ಬಗ್ಗೆ ಒಂದು ಮಾತು. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಬರಹಕ್ಕೆ ರಕ್ಷಣೆ ಇರುತ್ತದೆ. ಡಿವಿಜಿ ತೀರಿಕೊಂಡದ್ದು 1975, ಬೇಂದ್ರೆ 1981, ಕುವೆಂಪು 1994. ಹಾಗಾಗಿ ಅವರ ಪದ್ಯ ಎಲ್ಲರ ಸ್ವತ್ತಾಗಿಲ್ಲ. ಹೆಸರು ಹೇಳಿ ಎರಡು ಸಾಲು ಉದ್ಧರಿಸುವುದು ಬೇರೆ, ಇಡೀ ಪದ್ಯವನ್ನು ಕಂಪನಿ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವುದು ಬೇರೆ. ಎರಡನೆಯದಕ್ಕೆ ಅನುಮತಿ ಪಡೆಯಿರಿ. ಚಿತ್ರಗಳಿಗೆ ನಿಮ್ಮ ಮೊಬೈಲ್ ಸಾಕು, ಗೂಗಲ್‌ನಲ್ಲಿ ಸಿಕ್ಕಿದ ಫೋಟೊಗೂ ಒಬ್ಬ ಒಡೆಯನಿರುತ್ತಾನೆ.

ಎಐ ಬಗ್ಗೆ

ಚಾಟ್‌ಜಿಪಿಟಿಯಂಥವಕ್ಕೆ "ನಾಯಕತ್ವದ ಬಗ್ಗೆ ಭಾಷಣ ಬರೆದುಕೊಡು" ಅಂದರೆ ಎಲ್ಲರಿಗೂ ಕೊಡುವುದನ್ನೇ ನಿಮಗೂ ಕೊಡುತ್ತದೆ. ಇಲ್ಲದ ಉಕ್ತಿ, ಇಲ್ಲದ ಅಂಕಿಯನ್ನು ಧೈರ್ಯವಾಗಿ ಹೇಳುವುದೂ ಉಂಟು. ನಾನು ಅದನ್ನು ಬಳಸುವುದು ಕೊನೆಯಲ್ಲಿ, ನನ್ನ ಕರಡು ಕೊಟ್ಟು: "ಬ್ಯಾಂಕಿನ ಅಧಿಕಾರಿಯಾಗಿ ಇದರಲ್ಲಿ ಹತ್ತು ಸಂದೇಹ ಎತ್ತು." ಆ ಕೆಲಸ ಚೆನ್ನಾಗಿ ಮಾಡುತ್ತದೆ.

ಕೂಡಿಡುವುದು

ಭಾಷಣದ ಹಿಂದಿನ ರಾತ್ರಿ ಹುಡುಕಿದರೆ ಹದ್ದೇ ಸಿಗುವುದು. ಅದಕ್ಕೆ ಒಂದು ಪುಸ್ತಕ ಇಡಿ, ಫೋನಿನಲ್ಲಿ ಬರೆದಿಟ್ಟರೂ ಸರಿ. ವಾರಕ್ಕೆ ಮೂರು ನಮೂದು ಸಾಕು. ಪ್ರತಿ ನಮೂದಿನಲ್ಲೂ ಕಂಡದ್ದು, ಜಾಗ, ದಿನಾಂಕ, ಹೇಳಿದವರು, ಖಚಿತಪಡಿಸಿಕೊಂಡಿದ್ದೇನೋ ಇಲ್ಲವೋ ಅನ್ನುವುದು ಇರಬೇಕು. ನನ್ನ ಪುಸ್ತಕದ ಒಂದು ನಮೂದು: "ಬಸ್‌ಸ್ಟ್ಯಾಂಡ್ ಹೂವಿನಂಗಡಿ. ಆಕೆ ಮೊಳ ಅಳೆದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸಿದರು. ಯಾಕೆ ಅಂದೆ. 'ನಾಳೆ ನೀವೇ ಬರ್ಬೇಕಲ್ಲ' ಅಂದರು." ಇದರಿಂದ ಏನು ಮಾಡುತ್ತೇನೆಂದು ಬರೆಯುವಾಗ ಗೊತ್ತಿರಲಿಲ್ಲ. ಎರಡು ವರ್ಷದ ನಂತರ ಗ್ರಾಹಕ ಸೇವೆಯ ಒಂದು ತರಬೇತಿಗೆ ಅದೇ ಮೊದಲ ವಾಕ್ಯವಾಯಿತು.

ಭಾಷಣ ಕಟ್ಟುವಾಗ ಈ ಪುಸ್ತಕದಿಂದ ಕಣ್ಣಾರೆ ಕಂಡದ್ದು ಒಂದು, ಮೂಲ ನೋಡಿದ ಅಂಕಿ ಒಂದು, ಊರಿನದೋ ಕಸುಬಿನದೋ ಹಳೆಯ ಸಂಗತಿ ಒಂದು ಆರಿಸುತ್ತೇನೆ. ಹತ್ತು ನಿಮಿಷದ ಮಾತಿಗೆ ಈ ಮೂರು ಧಾರಾಳ. ಪ್ರೆಸೆಂಟೇಷನ್ ಆದರೆ ಕಂಡದ್ದನ್ನು ಮೊದಲ ಸ್ಲೈಡಿಗೆ ತರುತ್ತೇನೆ.

ಕೊನೆಯ ಹೆಜ್ಜೆ, ಒಂದು ಫೋನ್

ಯಾರ ಕಥೆ ಹೇಳುತ್ತಿದ್ದೀರೋ ಅವರಿಗೆ ಮೊದಲೇ ಫೋನ್ ಮಾಡಿ, ಹೇಗೆ ಹೇಳುತ್ತೀರೋ ಹಾಗೆಯೇ ಓದಿ ಕೇಳಿಸಿ. ಹೆಸರು ಹೇಳಬಹುದೇ ಎಂದು ಕೇಳಿ. ಡೇರಿಯ ಆ ಕಾರ್ಯದರ್ಶಿಯ ಪ್ರಸಂಗವನ್ನು ಮೊದಲ ಸಲ ಬೇರೊಂದು ಸಭೆಯಲ್ಲಿ ಬಳಸುವ ಮುನ್ನ ನಾನು ಹೀಗೇ ಫೋನ್ ಮಾಡಿದ್ದೆ. ಸಭೆಯಲ್ಲಿ ಬರೆದುಕೊಂಡಿದ್ದ ಟಿಪ್ಪಣಿಯಲ್ಲಿ ಹನ್ನೊಂದು ಮನೆ ಅಂತಿತ್ತು.

"ಹನ್ನೊಂದಲ್ಲ ಸರ್, ಒಂಬತ್ತು" ಅಂದರು. "ಇನ್ನೆರಡು ಮನೆಯವರು ಬೇರೆ ದಿನಾನೂ ಹಾಕ್ತಿರ್ಲಿಲ್ಲ, ಹಸು ಮಾರ್ಬಿಟ್ಟಿದ್ರು. ಅದು ಗೊತ್ತಾಗಿದ್ದೂ ಅವತ್ತೇ. ಒಬ್ಬರಿಗೆ ಸಂಘದಿಂದಾನೇ ಸಾಲ ಕೊಡಿಸಿ ಮತ್ತೆ ಹಸು ಕಟ್ಟಿಸಿದ್ವಿ. ಅದನ್ನೂ ಹೇಳಿ."

ಹೇಳಿದೆ.